ಅವ್ವ ತಿದ್ದಿದ ತಲೆಗಳು

ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ತುಮಕೂರಿನಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿದ್ದಾಗ ಡ್ಯೂಟಿ ಮುಗಿದ ಕೂಡಲೇ ಗುಬ್ಬಿ ಬಸ್ಸು ಹತ್ತುತ್ತಿದ್ದೆ. ಗುಬ್ಬಿಯಲ್ಲಿ ಅವ್ವನ ಜೊತೆ ಜಗಳ ಆಡಿ ಮತ್ತೆ ತುಮಕೂರಿಗೆ ಓಡುತ್ತಿದ್ದೆ. ಜಗಳ ಯಾವಾಗಲೂ ಒಂದೇ ವಿಷಯಕ್ಕೆ. ನಮ್ಮ ಬೀದಿಯ ಕೂಸುಗಳಿಗೆಲ್ಲ ನೀರೆರೆಯುತ್ತಿದ್ದವಳು ಅವ್ವ. ಚಾಚಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿ, ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಕೊನೆಗೆ ಎರಡೂ ಅಂಗೈಯಿಂದ ತಲೆಯನ್ನು ಸುತ್ತಲೂ ಒತ್ತಿ ದುಂಡಗೆ ತಿದ್ದುತ್ತಿದ್ದಳು.

ವಾರ್ಡಿನಲ್ಲಿ ಹಾಗೆ ಒತ್ತುವ ಅಜ್ಜಿಯರನ್ನು ನಾನು ಗದರಿಸುತ್ತಿದ್ದೆ. ಹೆರಿಗೆಯಲ್ಲಿ ಉದ್ದವಾದ ತಲೆ ತಾನಾಗಿಯೇ ಸರಿಹೋಗುತ್ತದೆ ಎಂದು ನಮಗೆ ಪಾಠವಾಗಿತ್ತು. ಅದನ್ನೇ ಮನೆಯಲ್ಲಿ ಹೇಳಿದರೆ ಅವ್ವ ಬಿಡುತ್ತಿರಲಿಲ್ಲ.

"ಹುಟ್ಟಿದಾಗ ನಿನ್ ತಲೆ ಸೋರೆಕಾಯಿ ಇದ್ದಂಗಿತ್ತು ಕಣೇ. ಈಗ ಕ್ಯಾಪ್ ಇಕ್ಕಂಡು ಮೆರೀತೀಯಲ್ಲ, ಅದು ನಿಲ್ಲೋ ಹಂಗೆ ಮಾಡಿದ್ದು ನಾನು."

"ಅಳೆದು ತೋರಿಸ್ತೀನಿ ನೋಡ್ತಿರು," ಎಂದೆ ಒಂದು ದಿನ.

ಸಿಟ್ಟಿಗೆ ಆಡಿದ ಮಾತು ನನ್ನನ್ನೇ ಹಿಡಿದುಕೊಂಡಿತು. ಮನುಷ್ಯರ ಮೈ, ಮೂಳೆ ಅಳೆದು ಓದುವ ಭೌತ ಮಾನವಶಾಸ್ತ್ರ ಎಂಬುದೊಂದಿದೆ ಎಂದು ಗೊತ್ತಾದ ಮೇಲಂತೂ ಡ್ಯೂಟಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲಸ ಮಾಡುತ್ತಲೇ ಅಂಚೆಯ ಮೂಲಕ ಓದಿ ಡಿಗ್ರಿ ಮುಗಿಸಿದೆ. ಆಮೇಲೆ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಎಂ.ಎ. ಮಾಡಿ ಸಂಶೋಧನೆಗೆ ಸೇರಿದೆ. "ಊರೋರ ತಲೆ ಅಳೆಯಕ್ಕೆ ಹೊಂಟವ್ಳೆ, ಇವಳ ತಲೆ ನೆಟ್ಟಗೈತಾ ಕೇಳ್ರಿ," ಎಂದು ನೆಂಟರು ನಕ್ಕರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದರಲ್ಲಿ ನಾನು ಅವ್ವನ ಮಗಳೇ.

ಗುಬ್ಬಿಯಲ್ಲಿ ನಮ್ಮ ಸುತ್ತಲಿನ ಮಕ್ಕಳೆಲ್ಲ ಅವ್ವನ ಕೈಯಲ್ಲಿ ಬೆಳೆದವರು, ಅಲ್ಲಿ ಬೇಡವೆಂದು ಕುಣಿಗಲ್ ಕಡೆ ಹೋದೆ. ಮಾರ್ಕೋನಹಳ್ಳಿಯ ಸುತ್ತ ತಲೆ ಒತ್ತಿಸಿಕೊಂಡ ಮಕ್ಕಳನ್ನೂ ಒತ್ತಿಸಿಕೊಳ್ಳದವರನ್ನೂ ಹುಡುಕಿಕೊಂಡು ಅಲೆದೆ. ತಲೆ ಅಳೆಯುವ ಇಕ್ಕಳವನ್ನು ಚೀಲದಿಂದ ತೆಗೆದರೆ ಸಾಕು, ಅಜ್ಜಿಯರು ಗಾಬರಿಯಾಗುತ್ತಿದ್ದರು. "ಕಾಯಿ ಸುಲಿಯೋ ಸಾಮಾನಿದ್ದಂಗದಲ್ಲ, ಮಗ ಉಳೀತದಾ ತಾಯಿ?" ಎಂದು ಒಬ್ಬರು ಮೊಮ್ಮಗನನ್ನು ಸೆರಗಿನೊಳಗೇ ಬಚ್ಚಿಟ್ಟುಕೊಂಡರು. ಅವರ ಕೈಯಲ್ಲಿ ಇಕ್ಕಳ ಕೊಟ್ಟು, ನನ್ನ ತಲೆಯನ್ನೇ ಅಳೆಸಿ, ನಂಬಿಸಬೇಕಾಯಿತು. ಹುಟ್ಟಿದ ಕೂಸುಗಳು ನಡೆಯುವ ತನಕ ಮತ್ತೆ ಮತ್ತೆ ಹೋಗಿ ಅಳೆದೆ. ಮದುವೆಯಾಯಿತು, ಗಂಡನಿಗೆ ನಾನು ಮನೆಯಲ್ಲಿ ಸಿಕ್ಕಿದ್ದಕ್ಕಿಂತ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದೇ ಹೆಚ್ಚು.

ಕೊನೆಗೆ ಲೆಕ್ಕ ಹಾಕಿದಾಗ, ನಡೆಯುವ ಹೊತ್ತಿಗೆ ಎರಡೂ ಬಗೆಯ ಮಕ್ಕಳ ತಲೆಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಅಂದೇ ಸಂಜೆ ಗುಬ್ಬಿಗೆ ಓಡಿದೆ. ಚಪ್ಪಲಿ ಬಿಡುವ ಮುಂಚೆಯೇ ಹೇಳಿದೆ:

"ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ ಕಣವ್ವ."

ಅವ್ವ ರಾಗಿ ಕೇರುತ್ತಿದ್ದಳು. "ಸರಿಯಾಗಿ ಅಳ್ದಿದೀಯಾ?" ಎಂದಳು.

"ಹೂಂ."

ಇನ್ನು ಜಗಳ ಶುರುವಾಗುತ್ತದೆ ಎಂದು ಸೆರಗು ಸಿಕ್ಕಿಸಿ ನಿಂತೆ. ಅವ್ವ ಮತ್ತೆ ಮೊರ ಎತ್ತಿಕೊಂಡಳು. ಆಮೇಲೆ ಯಾರ ಮನೆಗೂ ಎರೆಯಲು ಹೋಗಲಿಲ್ಲ. ಕರೆಯಲು ಬಂದವರಿಗೆ, "ಏನೂ ಉಪಯೋಗಿಲ್ವಂತೆ, ನನ್ ಮಗಳು ಅಳ್ದವ್ಳೆ, ಬುಡ್ರಿ," ಎಂದು ಹೇಳಿ ಕಳಿಸುತ್ತಿದ್ದಳಂತೆ. ಅವಳು ಜಗಳ ಆಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನ್ನ ಮಾತನ್ನು ನಂಬಿಬಿಟ್ಟಳು. ನೀರೆರೆಯುವುದನ್ನು ಬಿಡು ಎಂದು ನಾನು ಹೇಳಿರಲಿಲ್ಲ ಎಂದು ಎಷ್ಟು ಕೂಗಾಡಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಡವಾಗಿ ನನಗೆ ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ಗುಬ್ಬಿಗೇ ಹೋದೆ. ಮೊಮ್ಮಗಳಿಗೆ ಎರೆಯಲು ಅವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಎಣ್ಣೆ ತಿಕ್ಕಿದಳು, ನೀರು ಹುಯ್ದಳು. ತಲೆಯ ಹತ್ತಿರ ಬಂದಾಗ ಕೈ ತೆಗೆದು ತನ್ನ ಸೀರೆಗೆ ಒರೆಸಿಕೊಂಡಳು.

"ಒತ್ತವ್ವ," ಎಂದೆ.

"ಯಾಕೆ? ಉಪಯೋಗಿಲ್ಲ ಅಂದ್ಯಲ್ಲ. ಅದು ಸುಳ್ಳಾ?"

ಅವಳು ಕೆಣಕುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಮುಖವೆತ್ತಿ ನನ್ನ ಉತ್ತರಕ್ಕೆ ಕಾದಳು. ಹೌದು, ಸುಳ್ಳು ಎಂದಿದ್ದರೆ ಸಾಕಿತ್ತು. ಹಾಗನ್ನಲೆಂದೇ ಬಾಯಿ ತೆರೆದೆ.

"ಸುಳ್ಳಲ್ಲವ್ವ," ಎಂದೆ.

ಅವ್ವ ತಲೆಯಾಡಿಸಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.