ಹಮೀದಾಕ ಬಿಡಿಸಿದ ಗೌನುಗಳು

ಹಮೀದಾಕ ಹೆಣ್ಣಿನ ದನಿ ಕೇಳಿಯೇ ಹಾಳೆಯ ಮೇಲೆ ಅವಳ ಭುಜ ಬಿಡಿಸುತ್ತಿದ್ದರು. ರಿಯಾದಿನ ಒಲಾಯಾ ಬಡಾವಣೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದ ಮದುವೆ ಗೌನಿನ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಕೋಣೆಗೆ ಗಂಡಸರಾದ ನಾವು ಹೋಗುವಂತಿರಲಿಲ್ಲ. ನಡುವೆ ದಪ್ಪ ಪರದೆ. ಆಚೆ ಮದುವೆಯಾಗುವ ಹುಡುಗಿ, ಅವಳ ತಾಯಿ, ಅಂಗಡಿ ನಡೆಸುತ್ತಿದ್ದ ಲೆಬನಾನಿನ ಮದಾಮ್. ಈಚೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡ ಹಮೀದಾಕ. ಹುಡುಗಿ ತನಗೆಂಥ ಉಡುಪು ಬೇಕೆಂದು ಹೇಳುತ್ತಿದ್ದಂತೆ ಇವರ ಪೆನ್ಸಿಲ್ ಓಡುತ್ತಿತ್ತು. ಮದಾಮ್ ಹಾಳೆಯನ್ನು ಒಳಗೆ ಒಯ್ದರೆ ಆಚೆಯಿಂದ ಸಣ್ಣ ನಗು ಕೇಳುತ್ತಿತ್ತು.

ನಾನು ಅಲ್ಲಿ ಕಟಿಂಗ್ ಮಾಸ್ಟರ್. ಅವರು ಬಿಡಿಸಿದ್ದನ್ನು ಬಟ್ಟೆಗೆ ಇಳಿಸುವುದು ನನ್ನ ಪಾಲು. "ಹುಡುಗಿ ಬಗ್ಗಿ ನಿಲ್ಲುವವಳು ಅಂತ ಹೇಗೆ ಗೊತ್ತಾಯ್ತು?" ಎಂದು ಒಮ್ಮೆ ಕೇಳಿದ್ದೆ.

"ಪ್ರತಿ ಮಾತಿಗೂ ತಾಯಿ ಹತ್ರ ಕೇಳ್ತಾಳೆ ಮಾರಾಯ. ಅಂಥವಳು ನೆಟ್ಟಗೆ ನಿಲ್ತಾಳಾ? ನೀನು ಕುತ್ತಿಗೆ ಹತ್ರ ಸ್ವಲ್ಪ ಎತ್ತರ ಇಡು. ತಲೆ ತಾನೇ ಮೇಲೆ ಬರ್ತದೆ."

ಉಳ್ಳಾಲದವರು, ಹೆಸರು ಹಮೀದ್; ಹಿರಿಯರೆಂದು ನಮಗೆಲ್ಲ ಹಮೀದಾಕ. ಮಂಗಳೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಕೈ. ಮದಾಮ್ ಕೊಟ್ಟ ಹಳೆಯ ಫ್ರೆಂಚ್ ಪತ್ರಿಕೆಗಳನ್ನು ನೋಡಿ ನೋಡಿ ಈ ವಿದ್ಯೆ ಕಲಿತಿದ್ದರು. ಪ್ಯಾರಿಸ್ಸಿನ ದೊಡ್ಡ ದೊಡ್ಡ ಫ್ಯಾಷನ್ ಕಂಪನಿಗಳ ಉಡುಪನ್ನು ನಾಲ್ಕು ಗೆರೆಯಲ್ಲಿ ನಿಲ್ಲಿಸುತ್ತಿದ್ದ ಆ ಕಾಲದ ಚಿತ್ರಗಾರರ ಬಗ್ಗೆ ಹೇಳುವಾಗ ಅವರ ದನಿ ಮೆತ್ತಗಾಗುತ್ತಿತ್ತು. "ಪತ್ರಿಕೆಯ ಮುಖಪುಟ ಅವರದ್ದೇ ಇತ್ತು. ಆಮೇಲೆ ಕ್ಯಾಮೆರಾ ಬಂತು. ಕೆಲವರು ಸೋಪಿನ ಜಾಹೀರಾತು ಬರೆದು ಬದುಕಿದ್ರಂತೆ. ಕೆಲವರು ಎಂತ ಆದ್ರೋ."

ಅವರು ಮುಖ ಬಿಡಿಸುತ್ತಿರಲಿಲ್ಲ. ಒಂದು ಮೊಟ್ಟೆಯಾಕಾರ, ಅಷ್ಟೇ. "ಮುಖ ಕೊಡುವವ ಬೇರೆ ಇದ್ದಾನೆ. ನಮ್ಮದು ಬಟ್ಟೆ ಮಾತ್ರ," ಎನ್ನುತ್ತಿದ್ದರು. ಆ ಮಾತನ್ನು ಅವರು ಮುರಿದದ್ದು ಒಂದೇ ಸಲ.

ಗೌನು ಒಯ್ದು ಮೂರು ತಿಂಗಳಾದ ಮೇಲೆ ಒಬ್ಬ ತಾಯಿ ಒಬ್ಬರೇ ಬಂದರು. ಮಗಳು ಮದುವೆಗೆ ಮೊದಲೇ ಕಾಯಿಲೆಯಿಂದ ತೀರಿಹೋಗಿದ್ದಳು. ಗೌನನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು, ಅದನ್ನು ಮನೆಯಲ್ಲಿ ನೋಡಲಾಗಲಿಲ್ಲವಂತೆ. ಈಗ ಆ ಗೌನಿನ ಚಿತ್ರ ಬೇಕು, ಮಗಳ ಮುಖದ ಸಮೇತ. ಪರದೆಯಾಚೆಯಿಂದ ಅವರು ಹುಬ್ಬು, ಮೂಗು, ಗಲ್ಲ ಎಂದು ಹೇಳುತ್ತಾ ಹೋದರು. ಅತ್ತಾಗ ನಿಲ್ಲಿಸಿದರು, ಮತ್ತೆ ಹೇಳಿದರು. ಹಮೀದಾಕ ಬಿಡಿಸಿದರು. ಒಳಗೆ ಹೋದ ಹಾಳೆ ತುಂಬ ಹೊತ್ತು ಹೊರಗೆ ಬರಲಿಲ್ಲ. ಕೊನೆಗೆ ಮದಾಮ್ ತಂದು ಹೇಳಿದರು: "ಮುಖ ಅವಳದ್ದಲ್ಲವಂತೆ. ಆದರೆ ನಿಂತಿರುವುದು ಅವಳೇ ಅಂತೆ. ಮುಖ ಅಳಿಸಿಕೊಡಬೇಕಂತೆ."

ಅವರು ರಬ್ಬರಿನಿಂದ ಮೆಲ್ಲಗೆ ಅಳಿಸಿಕೊಟ್ಟರು. ಆಮೇಲೆ ಹೊರಗೆ ಹೋಗಿ ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತರು.

ಬರುಬರುತ್ತಾ ಹುಡುಗಿಯರು ಮೊಬೈಲಿನಲ್ಲೇ ಗೌನಿನ ಫೋಟೊ ಹಿಡಿದು ಬರತೊಡಗಿದರು. ಅಂಗಡಿ ಕೈ ಬದಲಾಯಿತು, ಮದಾಮ್ ಹೊರಟುಹೋದರು. ಹೊಸ ಮ್ಯಾನೇಜರ್ ಹಮೀದಾಕನನ್ನು ಪ್ಯಾಕಿಂಗಿಗೆ ಹಾಕಿದ. ಅಷ್ಟರಲ್ಲಿ ಅವರ ಬಲಗೈ ನಡುಗತೊಡಗಿತ್ತು, ರಿಬ್ಬನ್ನಿನ ಗಂಟು ಕೂಡ ಸರಿಯಾಗಿ ಬೀಳುತ್ತಿರಲಿಲ್ಲ. ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ಕೆಲಸ ಬಿಟ್ಟು ಊರಿಗೆ ಹೊರಟಾಗ ತಮ್ಮ ಚಿತ್ರಗಳಲ್ಲಿ ಕೆಲವನ್ನು ಕೇಳಿದರು. ಡಿಸೈನುಗಳೆಲ್ಲ ಅಂಗಡಿಯವು, ಕೊಡುವಂತಿಲ್ಲ ಎಂದ ಮ್ಯಾನೇಜರ್. ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು ನನ್ನ ಕೈ ಹಿಡಿದು, "ನೀನಿದ್ದೀಯಲ್ಲ ಸುಧಾಕರ. ಆ ಚಿತ್ರಗಳನ್ನು ನೋಡಿಕೋ," ಎಂದರು. ನಮ್ಮ ಕೊನೆಯ ಭೇಟಿ ಅದು.

ಮರುವರ್ಷ ಅಂಗಡಿಯನ್ನು ಬೇರೆ ಕಡೆಗೆ ಸಾಗಿಸಬೇಕಾಯಿತು. "ಯಲ್ಲಾ, ಬೇಗ ಬೇಗ, ನಾಳೆಯೊಳಗೆ ಹಿಂದಿನ ಕೋಣೆ ಖಾಲಿ ಆಗಬೇಕು," ಎಂದ ಮ್ಯಾನೇಜರ್. ಆ ದೇಶದಲ್ಲಿರಲು ಬೇಕಾದ ಪರವಾನಗಿ, ನನ್ನ ಇಕಾಮಾದ ನವೀಕರಣ ಅವನ ಕೈಯಲ್ಲಿತ್ತು. ಇಪ್ಪತ್ತು ವರ್ಷದ ಚಿತ್ರಗಳ ಫೈಲುಗಳನ್ನು ಕಸದ ಕಪ್ಪು ಚೀಲಗಳಲ್ಲಿ ತುಂಬಿ ಬಾಯಿ ಕಟ್ಟಿದವನು ನಾನೇ. ನಾಲ್ಕು ಹಾಳೆ ಅಂಗಿಯೊಳಗೆ ಇಟ್ಟುಕೊಂಡಿದ್ದರೆ ಯಾರೂ ನೋಡುತ್ತಿರಲಿಲ್ಲ. ಆ ದಿನ ನನಗದು ತೋಚಲಿಲ್ಲವೆಂದು ಹೇಳಿಕೊಳ್ಳಬಹುದು. ತೋಚಿತ್ತು. ಹೆದರಿದೆ.

ಹಮೀದಾಕ ತೀರಿಹೋದ ಸುದ್ದಿ ಬಂದ ಮೇಲಿನ ರಜೆಯಲ್ಲಿ ಉಳ್ಳಾಲಕ್ಕೆ ಹೋದೆ. ಅವರ ಮಗಳು ಜಮೀಲಾ ಚಾ ತಂದಿಟ್ಟು ಎದುರು ಕೂತಳು. ನಾನು ಗೌನಿನ ಚಿತ್ರಗಳ ಮಾತೆತ್ತಿದಾಗ ಅವಳಿಗೆ ಅರ್ಥವಾಗಲಿಲ್ಲ.

"ನಮ್ಮ ಅಬ್ಬ ಅಲ್ಲಿ ಟೈಲರ್ ಅಲ್ವಾ? ನಮಗೆ ಹಾಗೇ ಹೇಳಿದ್ದು."

ನಾನು ಎಲ್ಲ ಹೇಳಿದೆ. ಅವಳು ತಟ್ಟೆಯ ಅಂಚು ಹಿಡಿದು ಕೇಳುತ್ತಾ ಕೂತಳು. ಕೊನೆಗೆ, "ಒಂದಾದ್ರೂ ಉಂಟಾ ಅಂಕಲ್, ಅಬ್ಬ ಬಿಡಿಸಿದ್ದು?" ಎಂದಳು.

ಇಲ್ಲವೆಂದೆ. ಯಾಕೆ ಇಲ್ಲ ಎಂಬುದನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಒಳಗೆ ಆಡುತ್ತಿದ್ದ ತನ್ನ ಮಗಳ ಕಡೆ ಕೈ ತೋರಿಸಿದಳು.

"ಇವಳು ಶಾಲೆಗೆ ಚಿತ್ರ ಬಿಡಿಸಿ ಕೊಡಿ ಅಂತ ಅಬ್ಬನ ಹತ್ರ ಹಠ ಮಾಡ್ತಿದ್ದಳು. 'ನನಗೆ ಬರುದಿಲ್ಲ ಮೋಳೆ, ಬರುದಿಲ್ಲ ಮಗಳೇ' ಅಂತ ಹೇಳಿ ಅವರು ಕೈ ಹಿಂದೆ ಕಟ್ಟಿಕೊಳ್ತಿದ್ರು," ಎಂದಳು.