ಸುಶೀಲಾ ಟೀಚರ್ ಚಾಚಿದ ಕೈ

ಗೆಳೆಯರೇ, ನನ್ನ ಹೊಟ್ಟೆಯುರಿಗೆ ಇವತ್ತು ಪೊಲೀಸ್ ಸಾಕ್ಷಿಯೂ ಸಿಕ್ಕಿತು.

ನಾನೂ ಪಾಠ ಹೇಳುವ ಶಾಲೆಯ ಲೆಕ್ಕದ ಮೇಷ್ಟ್ರು ನಾಗರಾಜನಿಗೆ ಬಲಗೈ ಮೊಣಕೈವರೆಗೆ ಮಾತ್ರ ಇದೆ. ಲಷ್ಕರ್ ಮೊಹಲ್ಲಾದ ಅಂಗಡಿಯಲ್ಲಿ ಸೈಕಲ್ಲಿನ ಎರಡೂ ಬ್ರೇಕನ್ನು ಎಡಗಡೆಯ ಒಂದೇ ಹಿಡಿಗೆ ಸೇರಿಸಿಕೊಂಡು, ಬಲತೋಳು ಊರಲು ಹ್ಯಾಂಡಲ್ ಮೇಲೆ ಚರ್ಮದ ಬಟ್ಟಲು ಕೂರಿಸಿಕೊಂಡಿದ್ದಾನೆ. ಅಂದಿನಿಂದ ಸುಶೀಲಾ ಟೀಚರ್ ತಮ್ಮ ಸೈಕಲ್ಲಿನಲ್ಲಿ ಅವನ ಬಲಪಕ್ಕಕ್ಕೇ ಹೋಗುತ್ತಾರೆ. ಟೀಚರನ್ನು ನನ್ನ ಜೊತೆಗೆ ಬನ್ನಿ ಎಂದು ಕರೆಯುವ ಮಾತನ್ನು ನಾನು ಜೂನ್ ತಿಂಗಳಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ಮಾಡುತ್ತಾ ನನ್ನ ಸೈಕಲ್ಲಿನಲ್ಲಿ ಅವರಿಬ್ಬರ ಹಿಂದೆ ಬರುತ್ತೇನೆ.

ಇವತ್ತು ಸಂಜೆ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗುವಾಗ ಪೇದೆ ನಾಗರಾಜನನ್ನು ತಡೆದ.

"ಆಯಮ್ಮ ಕೈ ತೋರ್ಸಿದ್ರು. ನೀವ್ಯಾಕ್ ತೋರ್ಸಲಿಲ್ಲ ಸ್ವಾಮಿ?"

ನಾಗರಾಜ ಮೋಟುತೋಳನ್ನು ಎತ್ತಿದ. "ತೋರಿಸ್ದೆ ಕಣಪ್ಪ, ನಿನಗೆ ಕಾಣಲಿಲ್ಲ."

ಪೇದೆ ತಬ್ಬಿಬ್ಬಾದ.

"ಅವರಿಗೂ ಸೇರಿಸಿ ನಾನೇ ತೋರಿಸ್ತೀನಿ ಕಣ್ರೀ. ಅದಕ್ಕೇ ಈ ಪಕ್ಕ ಬರೋದು" ಎಂದು ಸುಶೀಲಾ ಮತ್ತೆ ಕೈ ಚಾಚಿದರು. ಬಳೆಗಳು ಸದ್ದು ಮಾಡಿದವು. ಇಬ್ಬರೂ ನಗುತ್ತಾ ತಿರುಗಿ ಹೋದರು.

ಆ ಕೈಯನ್ನೇ ನೋಡುತ್ತಾ ನಾನೂ ತಿರುಗಿಬಿಟ್ಟೆ. ಪೇದೆ ಸೀಟಿ ಊದಿದ.

"ಎರಡಿದ್ದೂ ಒಂದೂ ತೋರ್ಸಲಿಲ್ವಲ್ಲ ಸಾರ್! ನಿಮ್ ಪರವಾಗಿ ತೋರ್ಸೋರು ಯಾರಾದ್ರೂ ಬತ್ತಾವ್ರಾ?"

ನಾನು ನಿಜವಾಗಿಯೂ ಹಿಂದೆ ತಿರುಗಿ ನೋಡಿದೆ. ಒಂದು ಖಾಲಿ ಜಟಕಾ ಬರುತ್ತಿತ್ತು. ಅದರ ಕುದುರೆಯನ್ನೂ ಮಾತಾಡಿಸಲು ಗಾಡಿಯವನೊಬ್ಬನಿದ್ದ.