ಲೋಳೆಸರ ಹಚ್ಚಿದ ಮಧ್ಯಾಹ್ನ

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ಏನಾದರೊಂದು ನೆಪ ಮಾಡಿ ಎದ್ದು ಹೋಗುವ ಜಾತಿಯವನು ನಾನು. ದೆವ್ವ, ಗಾಳಿ, ಕನಸಿನಲ್ಲಿ ಬಂದು ಮಾತಾಡುವ ಸತ್ತವರು, ಇದ್ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಅರವತ್ತರ ದಶಕದಲ್ಲಿ ಗಡಹಿಂಗ್ಲಜದ ಒಂದು ಮನೆಯಲ್ಲಿ ಹಾಡುಹಗಲೇ ನನ್ನ ಕಣ್ಣೆದುರು ನಡೆದದ್ದಕ್ಕೆ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ. ಅದರಲ್ಲಿ ದೆವ್ವ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಇರುವುದು ಒಂದು ಯಂತ್ರ ಮತ್ತು ಬಹಳಷ್ಟು ಲೋಳೆ.

ಆಗ ನಾನು ಕೊಲ್ಹಾಪುರದಲ್ಲಿ ಒಬ್ಬ ಡಾಕ್ಟರರ ಹತ್ತಿರ ಕೆಲಸಕ್ಕಿದ್ದೆ. ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಇಸಿಜಿ ಯಂತ್ರ ಅವರಲ್ಲಿತ್ತು. ಡಾಕ್ಟರರು ಮರಾಠಿಯವರು, ನನ್ನದು ಗಡಿಯ ಕನ್ನಡ. ಆದ್ದರಿಂದ ಹಳ್ಳಿಗಳಿಗೆ ಹೋಗುವಾಗ ಯಂತ್ರ ಹೊರುವುದೂ ನಾನೇ, ಮಾತು ದಾಟಿಸುವುದೂ ನಾನೇ. ವಿದ್ಯುತ್ ಮಗ್ಗಗಳ ಊರಾದ ಇಚಲಕರಂಜಿಗೆ ಹೋದರೆ ಪಕ್ಕದ ಮನೆಯ ಮಗ್ಗಗಳ ವಿದ್ಯುತ್ತು ಸೇರಿಕೊಂಡು ಗೆರೆಯೆಲ್ಲ ಗೀಚಿಟ್ಟಂತೆ ಬರುತ್ತಿತ್ತು. ಅದೊಂದು ಬಿಟ್ಟರೆ ಯಂತ್ರ ನಂಬಿಗಸ್ತ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿತ್ತು.

ನನಗೆ ಆಗದಿದ್ದದ್ದು ಅದರ ಜೆಲ್ಲಿ. ಕೈಕಾಲಿಗೆ ಕಟ್ಟುವ ಲೋಹದ ಪಟ್ಟಿಗೂ ಚರ್ಮಕ್ಕೂ ನಡುವೆ ಉಪ್ಪಿನಂಶದ ಒಂದು ಅಂಟು ಹಚ್ಚದಿದ್ದರೆ ಹೃದಯದ ಆ ಸಣ್ಣ ವಿದ್ಯುತ್ತು ತಂತಿಗೆ ದಾಟುವುದಿಲ್ಲ. ಬೂದು ಬಣ್ಣ, ತಣ್ಣಗೆ, ನೆಗಡಿಯವನ ಮೂಗಿನಿಂದ ಇಳಿದಂತೆ ಇರುತ್ತಿತ್ತು ಅದು. ಯಾರ್ಯಾರದೋ ಬೆವರು, ಮೈಕೂದಲು ಅದಕ್ಕೆ ಅಂಟಿಕೊಂಡು ಪಟ್ಟಿಯ ಮೇಲೆ ಒಣಗುತ್ತಿತ್ತು. ಸಂಜೆ ಅದನ್ನು ಉಗುರಿನಿಂದ ಕೆರೆದು ತೆಗೆಯುವವನು ನಾನು. ಸಾಬೂನು ಹಚ್ಚಿ ಎಷ್ಟು ತೊಳೆದರೂ ಊಟದ ತಟ್ಟೆಯ ಮುಂದೆ ಕುಳಿತಾಗ ಬೆರಳಿಗೆ ಇನ್ನೂ ಅಂಟಿದೆ ಎನ್ನಿಸುತ್ತಿತ್ತು. ಮೊಸರನ್ನ ಕಲಸಲು ಆಗದೆ ಚಮಚ ಹಿಡಿದದ್ದಕ್ಕೆ ಮನೆಯವರು ಸಾಹೇಬ ಎಂದು ನಗುತ್ತಿದ್ದರು.

ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಗುರುಬಸಪ್ಪ ಎಂಬವರಿಗೆ ಎದೆ ಹಿಡಿದುಕೊಂಡಿದೆ ಎಂದು ಕರೆ ಬಂತು. ನಾವು ಮುಟ್ಟಿದ್ದು ಮಧ್ಯಾಹ್ನ. ಪಡಸಾಲೆಯ ತುಂಬ ಮೆಣಸಿನ ಚೀಲಗಳು, ಒಳಗೆ ಕಾಲಿಟ್ಟರೆ ಸೀನು. ಗುರುಬಸಪ್ಪ ಹಾಸಿಗೆಯ ಮೇಲೆ ಕುಳಿತೇ ಹಮಾಲರಿಗೆ ಬೈಯುತ್ತಿದ್ದರು. ಅವರ ಹೆಂಡತಿ ಗಂಗವ್ವ ಹಣೆಗೂ ತೋಳಿಗೂ ವಿಭೂತಿ ಬಳಿದುಕೊಂಡ ದಪ್ಪನೆಯ ಹೆಂಗಸು. ನಾನು ಜೆಲ್ಲಿಯ ಕೊಳವೆ ತೆಗೆದ ಕೂಡಲೇ ಆಕೆ ಅದನ್ನು ಕೈಯಿಂದ ಇಸಿದುಕೊಂಡು ಮೂಸಿ ನೋಡಿದಳು.

"ಇದು ಎಲುಬು ಕುದಿಸಿ ಮಾಡಿದ್ದೈತಿ. ಲಿಂಗ ಕಟ್ಟಿದ ಮೈಗೆ ಇದನ್ನ ಹಚ್ಚಬ್ಯಾಡ್ರಿ" ಎಂದಳು.

ಅದರಲ್ಲಿ ಏನಿತ್ತೋ ನನಗೂ ಗೊತ್ತಿರಲಿಲ್ಲ, ಡಾಕ್ಟರರಿಗೂ ಗೊತ್ತಿರಲಿಲ್ಲ. ವಾದ ಬೆಳೆಯಿತು. ಕೊನೆಗೆ ಡಾಕ್ಟರರು, ಉಪ್ಪೂ ನೀರೂ ಇರುವ ಯಾವ ಅಂಟಾದರೂ ನಡೆದೀತು ಎಂದು ಬಾಯಿ ಬಿಟ್ಟರು. ಆಕೆ ಹಿತ್ತಲಿಗೆ ಹೋಗಿ ಲೋಳೆಸರದ ಎಲೆ ಮುರಿದು ತಂದು, ಸೀಳಿ, ತಿರುಳನ್ನು ಕಂಚಿನ ಬಟ್ಟಲಿಗೆ ಕೆರೆದು ಉಪ್ಪು ಕಲಸಿದಳು. ಹಸಿರು ವಾಸನೆ, ಎತ್ತಿದರೆ ದಾರದಂತೆ ಜೋತು ಬೀಳುವ ಲೋಳೆ. ಬಾಂಬೆಯಿಂದ ತರಿಸುತ್ತಿದ್ದ ನಮ್ಮ ಜೆಲ್ಲಿಯೇ ವಾಸಿ ಎನ್ನಿಸಿತು. ಉಸಿರು ಬಿಗಿಹಿಡಿದು ಗುರುಬಸಪ್ಪನವರ ಕೈಕಾಲಿಗೆ ಬಳಿದು ಪಟ್ಟಿ ಕಟ್ಟಿದೆ. ಎದೆಯ ಮೇಲೆ ಲಿಂಗದ ಕರಡಿಗೆ ಇದ್ದುದರಿಂದ ಅಲ್ಲಿ ತಂತಿ ಅಂಟಿಸುವ ರಬ್ಬರಿನ ಬಟ್ಟಲು ಇಡಲು ಆಕೆ ಬಿಡಲಿಲ್ಲ.

ಯಂತ್ರ ಹಚ್ಚಿದೆ. ಕಾಗದ ಸರಿಯಿತು, ಗೆರೆ ಬರೆಯುವ ಮುಳ್ಳು ಮಾತ್ರ ಮಿಸುಕಲಿಲ್ಲ. ಗೋಡೆಗೆ ಸುಣ್ಣ ಹೊಡೆಯುವವರು ದಾರ ಹಿಡಿದು ಎಳೆದಂತೆ ನೆಟ್ಟನೆಯ ಗೆರೆ. ಸತ್ತವನಿಗೆ ಹಚ್ಚಿದರೆ ಬರಬೇಕಾದ ಗೆರೆ ಅದು. ಗುರುಬಸಪ್ಪನವರೋ ಚಹಾ ಎಲ್ಲಿ ಎಂದು ಕೇಳುತ್ತಿದ್ದರು. ಅವರ ಮಣಿಕಟ್ಟು ಹಿಡಿದೆ, ನಾಡಿ ಗಟ್ಟಿಯಾಗಿ ಬಡಿಯುತ್ತಿತ್ತು.

ಲೋಳೆಸರದ್ದೇ ದೋಷ ಎಂದು ಡಾಕ್ಟರರು ಸಿಟ್ಟಾದರು. ಪಟ್ಟಿಗಳನ್ನು ಬಿಚ್ಚಿ ಅದೇ ಬಟ್ಟಲಿನ ಲೋಳೆ ಬಳಿದು ನನಗೇ ಕಟ್ಟಿಕೊಂಡೆ. ನನ್ನ ಎದೆಯ ಗೆರೆ ಪುಸ್ತಕದಲ್ಲಿ ಇದ್ದಂತೆ ಬಂತು. ಮತ್ತೆ ಅವರಿಗೆ ಕಟ್ಟಿದೆ. ಮತ್ತೆ ನೆಟ್ಟನೆಯ ಗೆರೆ.

ಕೈಯ ಪಟ್ಟಿಗಳು ಜಾರುತ್ತಿವೆ, ಯಾರಾದರೂ ಒತ್ತಿ ಹಿಡಿಯಲಿ ಎಂದರು ಡಾಕ್ಟರರು. ನಾನು ಒತ್ತಬೇಕಾಗಿತ್ತು, ಆದರೆ ಆ ಲೋಳೆಯಲ್ಲಿ ಇನ್ನೊಮ್ಮೆ ಕೈ ಅದ್ದುವುದು ನನ್ನಿಂದ ಆಗಲಿಲ್ಲ. ಗಂಗವ್ವ ನನ್ನ ಮುಖ ನೋಡಿ ಮುಸಿನಕ್ಕು, ಗಂಡನ ಎದುರು ಕುಳಿತು, ಎರಡೂ ಅಂಗೈಗಳಿಂದ ಎರಡೂ ಪಟ್ಟಿಗಳನ್ನು ಅದುಮಿ ಹಿಡಿದಳು. ಮುಳ್ಳು ಒಮ್ಮೆಲೇ ಕುಣಿಯಿತು.

ಬಂದ ಮೊದಲ ಗೆರೆ ತಲೆಕೆಳಗಾಗಿತ್ತು. ಎಡಬಲದ ತಂತಿ ಅದಲುಬದಲು ಮಾಡಿದ್ದೀಯ ಎಂದು ಡಾಕ್ಟರರು ಗದರಿದರು. ನೋಡಿದೆ, ತಂತಿಗಳು ಸರಿಯಾಗಿಯೇ ಇದ್ದವು. ಅಷ್ಟರಲ್ಲಿ ಅವರು ಕಾಗದ ಓದತೊಡಗಿದ್ದರು, ಮುಖ ಇಳಿದಿತ್ತು. ಹೃದಯಕ್ಕೆ ದೊಡ್ಡ ಪೆಟ್ಟು ಬಿದ್ದಿದೆ, ಇವರು ಹಾಸಿಗೆ ಬಿಟ್ಟು ಏಳಕೂಡದು, ಒಂದು ತಂಬಿಗೆ ನೀರನ್ನೂ ಎತ್ತಕೂಡದು ಎಂದರು. ನಾನು ಕನ್ನಡದಲ್ಲಿ ಹೇಳಿದೆ.

"ಉಳೀತಾರೇನ್ರಿ?" ಎಂದಳು ಗಂಗವ್ವ. ಮಿಸುಕದೆ ಮಲಗಿದರೆ ಉಳಿಯುತ್ತಾರೆ ಎಂದೆ.

"ಹಂಗಾರ ಮಿಸುಕಾಕ ನಾ ಬಿಡೂದಿಲ್ರಿ" ಎಂದಳು.

ಹಿತ್ತಲಲ್ಲಿ ನನ್ನ ಕೈಗೆ ನೀರು ಹಾಕಿದವಳೂ ಅವಳೇ. ನಾನು ಅಸಹ್ಯದಿಂದ ಉಜ್ಜುತ್ತಲೇ ಇದ್ದೆ, ಅವಳು ಹಾಕುತ್ತಲೇ ಇದ್ದಳು. ಎರಡನೆಯ ಕೊಡ ಎತ್ತುವಾಗ ಆಕೆಗೆ ಏದುಸಿರು ಬಂದು, ಕಟ್ಟೆ ಹಿಡಿದು ನಿಂತಳು. ದಪ್ಪ ಮೈ, ಬಿಸಿಲು ಬೇರೆ ಎಂದುಕೊಂಡೆ.

ಆ ಸುಗ್ಗಿ ಮುಗಿಯುವುದರೊಳಗೆ ಗಂಗವ್ವ ತೀರಿಕೊಂಡಳು ಎಂದು ಸುದ್ದಿ ಬಂತು. ಗಂಡನನ್ನು ಮಗುವಿನಂತೆ ಮಲಗಿಸಿ, ಮನೆಯದನ್ನೂ ವ್ಯಾಪಾರದ್ದನ್ನೂ ಒಬ್ಬಳೇ ಎಳೆಯುತ್ತಿದ್ದಳಂತೆ. ನೀರು ಹೊತ್ತು ಬರುವಾಗ ಹೊಸ್ತಿಲಲ್ಲೇ ಕುಸಿದಳಂತೆ. ಹಾಸಿಗೆಯಲ್ಲಿದ್ದವರು ಎದ್ದು ಓಡಿಬಂದು ಎತ್ತಿಕೊಂಡರಂತೆ, ಅವರಿಗೇನೂ ಆಗಲಿಲ್ಲವಂತೆ.

ಮುಂದಿನ ವರ್ಷ ಗುರುಬಸಪ್ಪ ತಾವಾಗಿಯೇ ಕೊಲ್ಹಾಪುರಕ್ಕೆ ಬಂದರು. ಈಗ ಯಾವ ಜೆಲ್ಲಿಗೂ ತಕರಾರಿಲ್ಲ, ಕರಡಿಗೆಯನ್ನೂ ತಾವೇ ಪಕ್ಕಕ್ಕೆ ಸರಿಸಿಕೊಂಡರು. ಅವರ ಎದುರು ನಿಂತು ಪಟ್ಟಿ ಕಟ್ಟುವಾಗ ನನ್ನ ಬಲಗೈ ಅವರ ಎಡಗೈ ಮೇಲಿತ್ತು, ಎಡಗೈ ಬಲಗೈ ಮೇಲೆ. ಗಂಗವ್ವ ಪಟ್ಟಿ ಅದುಮಿದ್ದೂ ಹೀಗೇ ಎದುರು ಕುಳಿತು. ಎದುರು ಕುಳಿತವರ ಎಡಬಲ ಅದಲುಬದಲಾಗಿ ಗೆರೆ ತಲೆಕೆಳಗಾಗಿಯೇ ಬರುತ್ತದೆ. ಆ ದಿನ ಡಾಕ್ಟರರು ಓದಿದ ಪೆಟ್ಟು ಅವಳ ಹೃದಯದ್ದು.

ಕೈ ತೆಗೆದು ದೂರ ಸರಿದೆ. ಮುಳ್ಳು ಕುಣಿಯಿತು. ಗೆರೆ ಸರಿಯಾಗಿ ತಲೆ ಮೇಲಾಗಿ, ಒಂದು ಕುಂದಿಲ್ಲದೆ ಬಂತು. ಡಾಕ್ಟರರು ಕಾಗದವನ್ನು ಎರಡೆರಡು ಸಲ ಓದಿದರು. ಅಂಥ ಪೆಟ್ಟು ತಿಂದ ಹೃದಯ ಇಂಥ ಗೆರೆ ಬರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಛಲೋ ಆಗಿದೆ ಎಂದಷ್ಟೇ ಹೇಳು ಎಂದರು. ಹೇಳಿದೆ.

"ಆಗಲೇಬೇಕಲ್ರಿ. ಭಾಳ ಸೇವಾ ಮಾಡಿದ್ಳು ಅಕಿ. ನನ್ನ ರೋಗ ತಾನು ತಗೊಂಡು ಹೋದ್ಳು" ಎಂದರು ಗುರುಬಸಪ್ಪ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ.

ಗಂಗವ್ವನ ಗೆರೆ ಹೇಗೆ ಬಂತೆಂದು ಶಾಲೆಯ ಹುಡುಗನೂ ಹೇಳಿಯಾನು. ಒದ್ದೆ ಕೈ, ಉಪ್ಪಿನ ಲೋಳೆ, ಲೋಹದ ಪಟ್ಟಿ. ಆದರೆ ಹಾಗೆ ಬಂದರೆ ಇಬ್ಬರದೂ ಕಲಸಿಕೊಂಡು ಬರಬೇಕು. ಬಂದದ್ದು ಒಬ್ಬರದೇ. ನನಗೆ ಬಡಿತ ತೋರಿಸಿದ ಅದೇ ಲೋಳೆ, ಅದೇ ಯಂತ್ರ, ನಾಡಿ ಬಡಿಯುತ್ತ ಕುಳಿತ ಗಂಡಸಿನ ಎದೆಯನ್ನು ಆ ಒಂದು ಮಧ್ಯಾಹ್ನ ಯಾಕೆ ಬರೆಯಲಿಲ್ಲ? ಅವಳು ಬಂದು ಕೂರಲಿ ಎಂದು ಅದು ಕಾದಿತ್ತೇ? ಹೀಗೆ ಬರೆಯಲು ನನಗೇ ನಾಚಿಕೆ, ಬೇರೆ ಮಾತು ತೋಚುವುದಿಲ್ಲ. ತಿಳಿದವರನ್ನು ಕೇಳಿದೆ, ತಂತಿ ಸಡಿಲಿದ್ದಿರಬೇಕು ಎಂದರು. ತಂತಿ ಸಡಿಲಿರಲಿಲ್ಲ.

ಈಗ ಲೋಳೆಸರವನ್ನು ಮುಖಕ್ಕೆ ಹಚ್ಚಿಕೊಳ್ಳುತ್ತಾರೆ, ನಮ್ಮ ಮನೆಯ ಕುಂಡದಲ್ಲೂ ಸೊಸೆ ಬೆಳೆಸಿದ್ದಾಳೆ. ಆಕೆ ಎಲೆ ಮುರಿದಾಗ ಆ ಹಸಿರು ವಾಸನೆಗೆ ನನಗೆ ಇಂದಿಗೂ ವಾಕರಿಕೆ. ಎದ್ದು ಹೋಗಿ ಕೈ ತೊಳೆಯುತ್ತೇನೆ, ಮುಟ್ಟಿರದಿದ್ದರೂ. ನಲ್ಲಿಯ ನೀರು ಬೀಳುವಾಗ ಬೆನ್ನ ಹಿಂದೆ ಯಾರೋ ಕೊಡ ಎತ್ತಿ ಏದುಸಿರು ಬಿಟ್ಟಂತಾಗುತ್ತದೆ. ಸಾಕು, ಇಳಿಸಿಬಿಡವ್ವಾ ಎಂದು ಬಾಯಿಗೆ ಬರುತ್ತದೆ.